ಅರಿಶಿನ ಹತ್ತಿದ ಗೇಟು

ಮನೆಗೆ ಲಗ್ನಪತ್ರಿಕೆ ಬಂದರೆ ಎಲ್ಲರೂ ಮುಹೂರ್ತ ಯಾವತ್ತು ಅಂತ ನೋಡುತ್ತಾರೆ. ನಾನು ಕಾಗದ ದಪ್ಪಗಿದೆಯಾ, ಹಿಂಬದಿ ಖಾಲಿ ಇದೆಯಾ ಅಂತ ನೋಡುತ್ತಿದ್ದೆ. ನನ್ನ ಇಂಗ್ಲಿಷ್ ಪಾಠವೆಲ್ಲ ನಡೆದದ್ದು ಕಂಡವರ ಮದುವೆ ಕಾಗದದ ಬೆನ್ನ ಮೇಲೆ.

ಕೆಂಗಲ್ಲಿನಲ್ಲಿ ಬಸ್ಸಿಳಿದು ಎರಡು ಮೈಲಿ ಒಳಗೆ ನಡೆದರೆ ಸಿಗುವ ಹಳ್ಳಿಯ ಸರ್ಕಾರಿ ಶಾಲೆಯಲ್ಲಿ ಆಗ ನಾನು ಮೇಡಮ್ಮು. ಐದರಿಂದ ಏಳನೇ ಕ್ಲಾಸಿನವರೆಗೆ ಇಂಗ್ಲಿಷನ್ನು ನನ್ನ ತಲೆಗೆ ಕಟ್ಟಿದ್ದರು. ನಾನೇನು ಕಾನ್ವೆಂಟಿನಲ್ಲಿ ಓದಿದವಳೇ? ಮಾಗಡಿ ಕಡೆಯ ರಾಗಿ ಹೊಲದಲ್ಲಿ ಬೆಳೆದವಳು. ಟ್ರೇನಿಂಗಿನಲ್ಲಿ 'ಹ' ಅನ್ನೋ ಕಡೆ 'ಅ' ಅಂದು ಬೈಸಿಕೊಂಡವಳು. ಇಂಗ್ಲಿಷ್ ಪುಸ್ತಕ ತೆರೆದರೆ ಮಕ್ಕಳಿಗಿಂತ ಮೊದಲು ನನ್ನ ಎದೆಯೇ ಡವಡವ ಅನ್ನುತ್ತಿತ್ತು.

ತಾಲ್ಲೂಕಿನ ತರಬೇತಿಯಲ್ಲಿ, ಬರೀ ಬೋರ್ಡು ಸೀಮೆಸುಣ್ಣ ಸಾಲದು, ಮಿಂಚುಪಟ್ಟಿ ಮಾಡಿ, ಒಂದೊಂದರ ಮೇಲೆ ಒಂದೊಂದು ಪದ ಬರೆದು ಥಟ್ಟಂತ ಎತ್ತಿ ತೋರಿಸಿ, ಮಕ್ಕಳು ಕುಣಿಯುತ್ತಾ ಕಲೀತಾರೆ ಅಂದರು. ಸರಿ, ಊರವರ ಲಗ್ನಪತ್ರಿಕೆಗಳನ್ನೆಲ್ಲ ಬಾಚಿಕೊಂಡು ಬಂದೆ. ನೆಟ್ಟಗೆ ಕತ್ತರಿಸಿ, ಹಿಂದೆ ಸ್ಕೆಚ್ ಪೆನ್ನಿನಲ್ಲಿ ದಪ್ಪಕ್ಷರ ಬರೆದೆ. ಹೆನ್, ಗೇಟ್, ಬಸ್, ವಾಟರ್. ಮಕ್ಕಳು ಕುಣಿದರು. ನಾನೂ ಕುಣಿದೆ ಅನ್ನಿ. ದಿನಾ ಪಾಠ ಮುಗಿದಾಗ ಒಬ್ಬರು ಎದ್ದು ಬಂದು ಬೋರ್ಡಿನ ಮೇಲೆ ಎಂಡ್ ಅಂತ ಬರೆಯಬೇಕು, ಬರೆದ ಕೂಡಲೇ ಎಲ್ಲರೂ ಬ್ಯಾಗು ಹೆಗಲಿಗೇರಿಸಿ ಮನೆಗೆ ಓಡಬೇಕು, ಅದು ನಮ್ಮ ಕ್ಲಾಸಿನ ಕಾನೂನು.

ಏಳನೇ ಕ್ಲಾಸಿನಲ್ಲಿ ಒಬ್ಬಳು ಹುಡುಗಿಯಿದ್ದಳು. ನಾನು ಪಟ್ಟಿ ಪೂರ್ತಿ ಎತ್ತುವಷ್ಟರಲ್ಲೇ ಉತ್ತರ ಒದರುತ್ತಿದ್ದಳು. ಬೇರೆ ಮಕ್ಕಳು "ಮಿಸ್, ಅವಳಿಗೆ ಕೇಳ್ಬೇಡಿ" ಅಂತ ಜಗಳಕ್ಕೆ ಬರೋರು. ಅವಳ ಮೇಲೆ ನನಗೆ ಬಲು ಹೆಮ್ಮೆ. ಅವಳ ಅಪ್ಪ ಹೆದ್ದಾರಿ ಪಕ್ಕ ಹೊಸದಾಗಿ ಎದ್ದಿದ್ದ ಕಾರ್ಖಾನೆಯೊಂದರಲ್ಲಿ ಕಂಟ್ರಾಕ್ಟರ ಕೆಳಗೆ ಲೋಡು ಇಳಿಸುತ್ತಿದ್ದ. ಚಿಕ್ಕಮ್ಮ ರಾಮನಗರದಲ್ಲಿ ರೇಷ್ಮೆ ನೂಲು ಬಿಚ್ಚುವ ಫಿಲೇಚರಿಗೆ ಹೋಗುತ್ತಿದ್ದಳು. ಬಿಸಿನೀರಿನಲ್ಲಿ ಗೂಡು ಅದ್ದಿ ಅದ್ದಿ ಅವಳ ಬೆರಳ ತುದಿಯೆಲ್ಲ ಬೆಳ್ಳಗೆ ಸುಕ್ಕುಗಟ್ಟಿತ್ತು.

ನಮ್ಮಲ್ಲಿ ಏಳನೇ ಕ್ಲಾಸಿನವರೆಗೆ ಮಾತ್ರ. ಮುಂದೆ ಓದುವವರು ಟಿ.ಸಿ. ಇಸಿದುಕೊಂಡು ಹೈಸ್ಕೂಲಿಗೆ ಹೋಗಬೇಕು. ಫಿಲೇಚರಿಗೆ ಹೋಗುವ ಹುಡುಗಿಯರಿಗೆ ಟಿ.ಸಿ. ಯಾಕೆ? ಅವರ ಮನೆಯವರು ಕೇಳಲೂ ಬರುತ್ತಿರಲಿಲ್ಲ. ನಮ್ಮ ಬೀರುವಿನಲ್ಲಿ ಅಂಥ ಹುಡುಗಿಯರ ದಾಖಲೆ ಹಾಗೇ ಧೂಳು ತಿನ್ನುತ್ತಾ ಬಿದ್ದಿರುತ್ತಿತ್ತು.

ಆ ವರ್ಷ ಪರೀಕ್ಷೆ ಮುಗಿದ ಮೇಲೆ ಊರವರನ್ನೆಲ್ಲ ಕರೆದು ಮಕ್ಕಳಿಂದ ಇಂಗ್ಲಿಷ್ ಓದಿಸಿದೆ. ಈ ಹುಡುಗಿ ಇಪ್ಪತ್ತು ಪಟ್ಟಿಗಳನ್ನು ಒಂದೇ ಉಸಿರಿಗೆ ಓದಿಬಿಟ್ಟಳು. ಚಪ್ಪಾಳೆಯೋ ಚಪ್ಪಾಳೆ. ಆಗ ಹಿಂದೆ ನಿಂತಿದ್ದ ಅವಳ ಅಪ್ಪ ಮುಂದೆ ಬಂದ. ಷರಟಿನ ಜೇಬಿನಿಂದ ಕಾರ್ಖಾನೆಯ ಪಾಸು ತೆಗೆದ.

"ಮೇಡಮ್ಮೋರೆ, ಇದ್ರಲ್ಲೂ ಗೇಟು ಅಂತ ಬರ್ದೈತಂತೆ. ನಾನು ಎರಡ್ನೇ ಗೇಟ್ನೋನು. ಒಸಿ ಓದ್ಸಿ ನೋಡಾನ."

ಹುಡುಗಿ ಪಾಸು ಕೈಗೆ ತೆಗೆದುಕೊಂಡಳು. ಹಿಂದೆ ತಿರುಗಿಸಿದಳು, ಮುಂದೆ ತಿರುಗಿಸಿದಳು. ಮೂಲೆಗಳನ್ನು ಸವರಿ ನೋಡಿದಳು. ನಾನು ಬಾಯಲ್ಲೇ 'ಗೇ, ಗೇ' ಅಂತ ಸನ್ನೆ ಮಾಡಿದೆ. ಊಹೂಂ. ತುಟಿಯೇ ಅಲ್ಲಾಡಲಿಲ್ಲ. ಈಗಷ್ಟೇ ಓದಿದ ಪದ ಕಣ್ರೀ! ಅಯ್ಯೋ, ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು ನನಗೆ.

ಅವನು ಕೂಗಾಡಲಿಲ್ಲ. ಕೂಗಾಡಿದ್ದರೆ ನಾನೂ ನಾಲ್ಕು ಮಾತು ಆಡುತ್ತಿದ್ದೆ. "ಮೂರು ವರ್ಸದಿಂದ ಇಂಗ್ಲೀಸು ಇಂಗ್ಲೀಸು ಅಂತಾಳೆ. ಓದಾಕೆ ಬಂದ್ರೆ ಐಸ್ಕೂಲ್ಗೆ ಕಳುಸ್ತೀನಿ ಅಂತ ಮಾತು ಕೊಟ್ಟಿದ್ದೆ. ಬರಾಕಿಲ್ಲ ಅಂದ್ಮೇಲೆ ಇನ್ನೇನು, ಚಿಕ್ಕವ್ವನ್ ಜೊತೆ ಫಿಲೇಚರ್ಗೆ ಓಗ್ಲಿ ಬುಡಿ" ಅಂದ. ಇನ್ನು ಹತ್ತು ದಿನಕ್ಕೆ ರಿಸಲ್ಟು, ಅವತ್ತು ಬಂದು ನೀವೇ ಇನ್ನೊಂದು ಸಲ ಓದಿಸಿ ನೋಡಿ ಅಂತ ನಾನು ಅಂಗಲಾಚಿದೆ, ಅವನ ಕಾಲು ಹಿಡಿಯುವುದೊಂದು ಬಾಕಿ. "ಆಯ್ತು, ಅವತ್ತೇ ಕೊನೆ" ಅಂತ ಹೊರಟ.

ಎಲ್ಲರೂ ಹೋದ ಮೇಲೆ ಹುಡುಗಿಯನ್ನು ನಿಲ್ಲಿಸಿಕೊಂಡು ಕೈ ಎತ್ತಿಬಿಟ್ಟೆ. ನನಗೆ ಸಿಟ್ಟು ಮೂಗಿನ ತುದಿಯಲ್ಲೇ. ಅವಳು ಬಿಕ್ಕುತ್ತಾ ಹೇಳಿದಳು: "ಅದ್ರಲ್ಲಿ ಅರಿಸಿನ ಇರ್ನಿಲ್ಲ ಮಿಸ್."

"ಏನಂದೆ?"

ಅವಳೇ ನನ್ನ ಕಟ್ಟಿನಿಂದ ಗೇಟಿನ ಪಟ್ಟಿ ಎಳೆದು ತೋರಿಸಿದಳು. ಲಗ್ನಪತ್ರಿಕೆ ಹಂಚುವ ಮುಂಚೆ ಮೂಲೆಗಳಿಗೆ ಅರಿಶಿನ ಹಚ್ಚುತ್ತಾರಲ್ಲ, ಆ ಪಟ್ಟಿಯ ಮೇಲೆ ಯಾರದೋ ಹೆಬ್ಬೆಟ್ಟಿನ ಅಗಲದ ಅರಿಶಿನ ಉಳಿದಿತ್ತು. ಅದು ಗೇಟು. ನಾನು ಎತ್ತುವಾಗ ಹಿಂದೆ ಕಾಣುವ ಹೊಂಬಣ್ಣದ ಗಣಪತಿಯ ಸೊಂಡಿಲು ಅರ್ಧ ಕತ್ತರಿಸಿದ್ದು ಹೆನ್ನು. ಕುಂಕುಮದ ಚುಕ್ಕೆ ಇದ್ದದ್ದು ಬಸ್ಸು. ನಾನು ಅರಿಶಿನದ ಮೂಲೆಯನ್ನು ಬೆರಳಿನಿಂದ ಮುಚ್ಚಿ ಕೇಳಿದೆ. ಅವಳಿಗೆ ಬರಲಿಲ್ಲ. ಎಬಿಸಿಡಿ ಮಧ್ಯದಿಂದ ಕೇಳಿದೆ. ಎ ಇಂದ ರಾಗವಾಗಿ ಹಾಡಿಕೊಂಡು ಬಂದರೆ ಮಾತ್ರ ಹೇಳುತ್ತಾಳೆ. ಮೂರು ವರ್ಷ ನಾನು ಈ ಮಗುವಿಗೆ ಕಲಿಸಿದ್ದು ಅರಿಶಿನ ಕುಂಕುಮ ಗುರುತಿಸುವುದನ್ನು! ಎತ್ತಿದ ಕೈಯಿಂದ ನನ್ನ ಕೆನ್ನೆಗೇ ಹೊಡೆದುಕೊಳ್ಳಬೇಕು ಅನ್ನಿಸಿತು.

ಮರುದಿನ ಬೆಳಿಗ್ಗೆ ಇಡೀ ಕಟ್ಟನ್ನು ಒಯ್ದು ಮನೆಯ ನೀರೊಲೆಗೆ ಹಾಕಿದೆ. ಆಮೇಲೆ ಯೋಚನೆ ಹತ್ತಿಕೊಂಡಿತು. ಬಣ್ಣ ಇರಬೇಕು, ಮಕ್ಕಳಿಗೆ ಖುಷಿಯೂ ಇರಬೇಕು, ಆದರೆ ಬಣ್ಣ ನಂಬಿಕೊಂಡು ಓದುವ ಹಾಗಿರಬಾರದು. ಎಲ್ಲಿ ಸಿಗುತ್ತದೆ ಅಂಥದ್ದು? ಅವತ್ತು ಸಂಜೆ ಕೆಂಗಲ್ಲಿನಲ್ಲಿ ಮನೆಗೆ ಹೋಗುವ ಬಸ್ಸಿಗೆ ಕಾಯುತ್ತಿದ್ದಾಗ ಲಾರಿಯೊಂದು ಹೋಯಿತು. ಹಿಂದೆ ಕೆಂಪಕ್ಷರದಲ್ಲಿ ಹಾರ್ನ್ ಅಂತಿತ್ತು. ಇನ್ನೊಂದು ಲಾರಿಗೆ ಹಳದಿ ಅಕ್ಷರ. ಮತ್ತೊಂದಕ್ಕೆ ನೀಲಿ, ಪಕ್ಕದಲ್ಲಿ ತಾವರೆ ಹೂವು. ಬಣ್ಣ ಬೇರೆ, ಚಿತ್ರ ಬೇರೆ, ಅಕ್ಷರ ಮಾತ್ರ ಅದೇ. ಅಲ್ಲೇ ಬಸ್ಸು ಬಿಟ್ಟು ಹಳ್ಳಿಗೆ ವಾಪಸು ನಡೆದೆ.

ದಿನಾ ಬೆಳಿಗ್ಗೆ ಹುಡುಗಿಯನ್ನು ಕರೆತಂದು ರಸ್ತೆ ಪಕ್ಕದ ಹುಣಸೆಮರದ ಕೆಳಗೆ ನಿಲ್ಲಿಸಿಕೊಂಡೆ. ಲಾರಿ ಬರುವುದರೊಳಗೆ ನಾನು ಒಂದು ಅಕ್ಷರ ಹೇಳಬೇಕು, ಲಾರಿ ಮರೆಯಾಗುವುದರೊಳಗೆ ಅವಳು ಅದನ್ನು ಹುಡುಕಬೇಕು. ಮೊದಲ ಎರಡು ದಿನ ಧೂಳು ಕುಡಿದದ್ದೇ ಬಂತು. ದಾರಿಹೋಕರು "ಏನ್ ಮೇಡಮ್ಮೋರೆ, ಲಾರಿ ಎಣುಸ್ತಾ ಇದ್ದೀರಾ" ಅಂತ ಕಿಚಾಯಿಸಿದರು. ನಿಮ್ಮ ಕೆಲಸ ನೋಡ್ಕೊಳ್ರಯ್ಯ ಅಂದೆ. ಮೂರನೇ ದಿನ ಅವಳು "ಆರ್ನ್! ಆರ್ನ್ ಮಿಸ್!" ಅಂತ ಕುಪ್ಪಳಿಸಿದಳು. ಹಾರ್ನ್ ಅನ್ನು ಅಂತ ತಿದ್ದಲು ಹೋಗಿ ನಾನೂ ಆರ್ನ್ ಅಂದುಬಿಟ್ಟೆ. ಇಬ್ಬರೂ ಹೊಟ್ಟೆ ಹಿಡಿದುಕೊಂಡು ನಕ್ಕೆವು. ಆ ಹತ್ತು ದಿನದಲ್ಲಿ ನಾನು ನಕ್ಕದ್ದು ಅದೊಂದೇ ಸಲ.

ಸ್ಟಾಪ್, ರೋಡ್, ವರ್ಕ್. ರಸ್ತೆ ಅಗಲ ಮಾಡುತ್ತಿದ್ದ ಕಾಲ ಅದು, ಬೋರ್ಡುಗಳಿಗೆ ಬರವಿರಲಿಲ್ಲ. ಒಂದೇ ಥರ ಕಾಣುವ ಬಿಳಿ ಕಾಗದದ ಮೇಲೂ ಕಪ್ಪು ಪೆನ್ನಿನಲ್ಲಿ ಬರೆದು ಕೊಟ್ಟೆ. ತಡವರಿಸುತ್ತಿದ್ದಳು, ಬೆವರುತ್ತಿದ್ದಳು, ಆದರೆ ಓದುತ್ತಿದ್ದಳು. ಮನೆಗೆ ಹೋದರೂ ನನಗೆ ಅನ್ನ ಸೇರುತ್ತಿರಲಿಲ್ಲ. ಅವಳ ಚಿಕ್ಕಮ್ಮ ಆಗಲೇ ಫಿಲೇಚರಿನ ಯಜಮಾನರಿಗೆ ಹೇಳಿಟ್ಟಿದ್ದಾಳೆ ಅಂತ ಸುದ್ದಿ ಬಂದಿತ್ತು.

ರಿಸಲ್ಟಿನ ದಿನ ಬಂತು. ಹುಡುಗಿ ಪಾಸಾಗಿದ್ದಳು, ಅದನ್ನು ಯಾರು ಕೇಳಬೇಕು? ಅವಳ ಅಪ್ಪ ಎಣ್ಣೆ ಹಚ್ಚಿ ತಲೆ ಬಾಚಿ, ಮಡಿ ಷರಟು ಹಾಕಿಕೊಂಡು ಬಂದಿದ್ದ. ಮುಖದಲ್ಲಿ ಏನೋ ಗೆಲುವು. ಜೇಬಿನಿಂದ ಪಾಸು ತೆಗೆಯಲಿಲ್ಲ. ನಾಲ್ಕಾಗಿ ಮಡಚಿದ ಕಾಗದ ತೆಗೆದ.

"ನೆನ್ನೆ ಸಂಜೆ ಸೂಪರ್‌ವೈಸರ್ರು ಕೊಟ್ರು. ಪರ್ಮನೆಂಟ್ ಮಾಡ್ತಾರೆ ಅಂತ ಮಾತಾಡ್ಕೊತಿದ್ರು, ಅದೇ ಇರ್ಬೇಕು. ಯಾರ್ಗೂ ತೋರ್ಸಿಲ್ಲ ಮೇಡಮ್ಮೋರೆ. ನನ್ ಮಗ್ಳೇ ಮೊದ್ಲು ಓದ್ಲಿ ಅಂತ ಮಡೀಕಂಡಿದ್ದೆ."

ಹುಡುಗಿ ಕಾಗದ ಬಿಡಿಸಿದಳು. ನಾನು ಅವಳ ಹಿಂದೆ ನಿಂತಿದ್ದೆ. ಒಂದೇ ಸಾಲು, ದಪ್ಪಕ್ಷರದಲ್ಲಿ ಟೈಪು ಮಾಡಿದ್ದು. ನನ್ನ ಕಣ್ಣು ಒಂದೇ ಏಟಿಗೆ ಕೊನೆಯವರೆಗೆ ಓಡಿತು. ಎರಡನೇ ಗೇಟಿನ ನಿಮ್ಮ ಕೆಲಸ ಈ ಮೂವತ್ತನೇ ತಾರೀಖಿಗೆ ಮುಗಿಯುತ್ತದೆ ಅಂತಿತ್ತು.

"ಇದು ಬೇಡ, ಬೇರೆ ಏನಾದ್ರೂ ಕೊಡಿ" ಅಂದೆ.

"ಯಾಕೆ? ಬರಾಕಿಲ್ವಾ?" ಅವನ ಮುಖ ಬಿಗಿದುಕೊಂಡಿತು.

ಏನು ಹೇಳಲಿ? ಕಿತ್ತುಕೊಂಡರೆ ಅವಳು ಸೋತಹಾಗೆ. ಓದಲು ಬಿಟ್ಟರೆ? ನಾನು ಸುಮ್ಮನೆ ನಿಂತೆ. ಇವತ್ತಿಗೂ ಅದು ಸರಿಯೋ ತಪ್ಪೋ ನನಗೆ ಗೊತ್ತಿಲ್ಲ.

"ಯುವರ್" ಅಂದಳು ಹುಡುಗಿ. "ವರ್ಕ್. ಅಪ್ಪ, ವರ್ಕು, ಓಂವರ್ಕಲ್ಲಿ ಬತ್ತದಲ್ಲ ಅದು. ಕೆಲಸ ಅಂತ." ಅಪ್ಪ ತಲೆಯಾಡಿಸಿದ. "ಅಟ್... ಜಿ, ಎ, ಟಿ... ಗೇಟ್! ಮಿಸ್, ಗೇಟ್! ಗೇಟ್ ಟೂ. ನಿನ್ ಗೇಟು ಕಣಪ್ಪ!" ಅವನು ಹಲ್ಲು ಬಿಟ್ಟು ನಕ್ಕ. ಅಷ್ಟು ದಿನದಲ್ಲಿ ಅವನು ನಕ್ಕದ್ದು ನಾನು ಕಂಡಿರಲಿಲ್ಲ.

"ಮುಂದ್ಕೆ ಓದವ್ವ."

"ಇ, ಎನ್, ಡಿ..." ಅವಳ ಮುಖ ಅರಳಿತು. ದಿನಾ ಬೋರ್ಡಿನ ಮೇಲೆ ಬರೆದ ಪದ ಅದು. "ಎಂಡ್! ಎಂಡ್ಸು. ಇದು ನಂಗೆ ಚೆನ್ನಾಗ್ ಗೊತ್ತು ಅಪ್ಪ. ಎಂಡ್ ಅಂದ್ರೆ, ಮುಗೀತು, ಇನ್ ಮನೆಗೋಗಿ ಅಂತ."

ಅವನ ನಗು ಹಾಗೇ ನಿಂತಿತು. ಕಾಗದ ನೋಡಿದ. ನನ್ನ ಮುಖ ನೋಡಿದ. "ಔದಾ ಮೇಡಮ್ಮೋರೆ?"

ನಾನು ತಲೆಯಾಡಿಸಿದೆ.

ಹುಡುಗಿ ಒಮ್ಮೆ ಅವನನ್ನು, ಒಮ್ಮೆ ನನ್ನನ್ನು ನೋಡಿದಳು. ಅರ್ಥವಾಗಿಬಿಟ್ಟಿತು ಅವಳಿಗೆ. ಕಾಗದವನ್ನು ಅಪ್ಪನ ಕೈಗೆ ತುರುಕಿದಳು. "ತಪ್ಪು ಓದ್ದೆ ಕಣಪ್ಪ. ನಂಗೆ ಬರಾಕಿಲ್ಲ. ತಪ್ಪಾಗೋಯ್ತು. ಮಿಸ್, ತಪ್ಪು ಅಂತ ಯೋಳಿ ಮಿಸ್."

ಅವನು ಕಾಗದವನ್ನು ಮತ್ತೆ ನಾಲ್ಕಾಗಿ ಮಡಚಿದ. ಜೇಬಿಗಿಡಲು ಹೋಗಿ ಎರಡು ಸಲ ಜೇಬೇ ಸಿಗಲಿಲ್ಲ. "ಇಲ್ಲ ಕಣವ್ವ" ಅಂದ, "ಸರ್ಯಾಗೇ ಓದ್ದೆ."

ಬಾಗಿಲವರೆಗೆ ಹೋದ. ಮುಗಿಯಿತು ಅಂದುಕೊಂಡೆ. ಕೆಲಸ ಕಳೆದುಕೊಂಡ ಮನೆಯಲ್ಲಿ ಹೈಸ್ಕೂಲಿನ ಮಾತು ಯಾರು ಆಡುತ್ತಾರೆ? ನಾನು ಅಲ್ಲೇ ಬೆಂಚಿನ ಮೇಲೆ ಕೂತುಬಿಟ್ಟೆ. ಅವನು ತಿರುಗಿ ನಿಂತು ನನ್ನ ಮೇಲೆ ರೇಗಿದ.

"ಏನ್ ನೋಡ್ಕಂಡ್ ಕುಂತಿದ್ದೀರಿ ಮೇಡಮ್ಮೋರೆ? ಟೀಸಿ ಬರೀರಿ."