ಬುಡಕ್ಕೆ ಓರೆ, ತುದಿಗೆ ನೇರ

ಕೈ ಕೆಸರಾದರೆ ಬಾಯಿ ಮೊಸರು ಎಂದು ಗಾದೆ ಮಾಡಿದವನು ಮಸ್ಕಿ ರಸ್ತೆಯ ಪಂಪಾಪತಿಯ ನರ್ಸರಿಗೆ ಒಮ್ಮೆ ಬಂದು ಹೋಗಬೇಕಿತ್ತು. ಅಲ್ಲಿ ಇಪ್ಪತ್ತೆರಡು ವರ್ಷ ಕೆಸರಾದದ್ದು ಕನಕಮ್ಮನ ಕೈ, ಮೊಸರು ಉಂಡದ್ದು ಪಂಪಾಪತಿಯ ಬಾಯಿ.

ಕನಕಮ್ಮನ ತವರು ಸಂತೆಕಲ್ಲೂರು, ಕೊಟ್ಟದ್ದು ಜವಳಗೇರಾಕ್ಕೆ. ಮದುವೆಯಾದ ಹೊಸದರಲ್ಲಿ ಕಾಲುವೆ ಗದ್ದೆಗಳಿಗೆ ನೆಲ್ಲು ನಾಟಿಗೆ ಹೋಗಿ ಸೊಂಟ ಕಳೆದುಕೊಂಡಳು. ನರ್ಸರಿಯಲ್ಲಿ ಕೂತು ಮಾಡುವ ಕೆಲಸವಿದೆ ಎಂದು ಕೇಳಿ ಇಲ್ಲಿಗೆ ಬಂದಳು. ದಾಸವಾಳ, ಗುಲಾಬಿ, ಮಲ್ಲಿಗೆ, ದಾಳಿಂಬೆ, ಏನೇ ಇರಲಿ, ಅವಳು ಊರಿದ ನೂರು ಕಡ್ಡಿಯಲ್ಲಿ ತೊಂಬತ್ತಾದರೂ ಚಿಗುರುತ್ತಿದ್ದವು. ಜನ ಅದನ್ನು ಕೈಗುಣ ಎಂದರು. ಆ ಮಾತು ಕೇಳಿದರೆ ಅವಳಿಗೆ ಮೈ ಉರಿಯುತ್ತಿತ್ತು.

"ಕೈಗುಣ ಅಲ್ರೀ, ನನಗ ಕಣ್ಣು ಅದಾವ," ಎನ್ನುತ್ತಿದ್ದಳು.

ಕಣ್ಣಿನ ಕೆಲಸವೇ ಅದು. ಪೆನ್ಸಿಲ್ ದಪ್ಪದ ಬಲಿತ ರೆಂಬೆ ಆರಿಸಬೇಕು, ಗೇಣುದ್ದ ಕತ್ತರಿಸಬೇಕು, ಒಂದೊಂದರಲ್ಲಿ ನಾಲ್ಕು ಗೆಣ್ಣಾದರೂ ಇರಬೇಕು. ಬುಡದ ಕಡೆ ಓರೆಯಾಗಿ ಕೊಯ್ಯಬೇಕು, ತುದಿಯ ಕಡೆ ನೇರವಾಗಿ. ಎಲೆ ತೆಗೆದ ಮೇಲೆ ಬುಡ ಯಾವುದು ತುದಿ ಯಾವುದು ಎಂದು ಊರುವ ಹೆಂಗಸರು ತಡವರಿಸಬಾರದಲ್ಲ, ಅದಕ್ಕೆ. ಓರೆ ಇದ್ದದ್ದು ಮಣ್ಣಿಗೆ. ತಲೆಕೆಳಗಾಗಿ ಊರಿದರೆ ಕಡ್ಡಿ ಬೇರು ಬಿಡದೆ ಒಣಗುತ್ತದೆ.

ಈ ವರ್ಷ ಸಂಕ್ರಾಂತಿ ಮುಗಿದ ವಾರ ಟ್ರ್ಯಾಕ್ಟರ್ ತುಂಬ ದಾಳಿಂಬೆ ರೆಂಬೆ ಬಂದು ಬಿತ್ತು. ಪಂಪಾಪತಿಯ ಬೀಗರ ತೋಟದ್ದು. ಕನಕಮ್ಮ ಒಂದನ್ನು ಎತ್ತಿ ನೋಡಿದಳು. ಗೆಣ್ಣಿನ ಸುತ್ತ ಕಪ್ಪು ಉಂಗುರ. ಬಾಗಿಸಿದರೆ ಅಲ್ಲೇ ಲಟಕ್ಕನೆ ಮುರಿಯಿತು. ಇನ್ನೊಂದು, ಮತ್ತೊಂದು, ಎಲ್ಲ ಅದೇ. ಚುಕ್ಕೆ ರೋಗ. ಕಾಯಿಯ ಮೇಲೆ ಎಣ್ಣೆ ಹನಿಯಂಥ ಕಲೆ ಮೂಡಿ, ಸೀಳಿ, ಒಂದು ಗಿಡದಿಂದ ಸುತ್ತಲಿನ ತೋಟಕ್ಕೆಲ್ಲ ಹಬ್ಬುವ ದರಿದ್ರ ರೋಗ ಅದು.

"ಸಾವ್ಕಾರ್ರೀ, ಇವು ರೋಗದ ಕಡ್ಡಿ. ಸುಡಬೇಕ್ರಿ."

"ಔಷಧದಾಗ ಅದ್ದಿ ಊರು. ಸಸಿ ನಮ್ಮ ಗೇಟ್ ದಾಟಿದ ಮ್ಯಾಲ ರೋಗ ಅವರದು."

"ಯಾರಿಗ್ರಿ ಇವು?"

"ನಿಮ್ಮ ತವರಿನ ಗ್ಯಾನಪ್ಪಗ. ಕನಕಮ್ಮ ಊರಿದ್ದ ಬೇಕು ಅಂದಾನ. ನಿನ್ನ ಹೆಸರು ಹೇಳಿ ಇನ್ನೂ ನಾಕು ಮಂದಿ ಸಸಿ ಬರೆಸ್ಯಾರ. ಖುಷಿ ಪಡು."

ಖುಷಿ ಪಡಬೇಕಂತೆ. ಅಂಗಾಲಿನ ಉರಿ ನೆತ್ತಿಗೇರಿತು. ಗ್ಯಾನಪ್ಪನನ್ನು ಅವಳು ಚಿಕ್ಕಂದಿನಿಂದ ಅಣ್ಣ ಎಂದು ಕರೆದವಳು. ಜೋಳ, ತೊಗರಿ ಬಿಟ್ಟು ಬೇರೆ ಬೆಳೆಯದ ಮನುಷ್ಯ ಇದೇ ಮೊದಲು ಮೂರು ಎಕರೆಗೆ ದಾಳಿಂಬೆ ಹಚ್ಚಲು ಹೊರಟಿದ್ದ. ಅವಳ ಕೈ ಫೋನಿಗೆ ಹೋಯಿತು, ಹಾಗೇ ವಾಪಸ್ ಬಂತು. ಗಂಡ ಹಾಸಿಗೆ ಹಿಡಿದು ಮೂರು ವರ್ಷವಾಗಿತ್ತು, ಮನೆ ನಿಂತದ್ದು ಈ ಕೂಲಿಯ ಮೇಲೆ.

ಕತ್ತರಿ ತೆಗೆದುಕೊಂಡು ಕೂತಳು. ಹಲ್ಲು ಕಚ್ಚಿ ಕೊಯ್ಯತೊಡಗಿದಳು. ಬುಡಕ್ಕೆ ನೇರ, ತುದಿಗೆ ಓರೆ.

ಊರುವವರು ಎಂದಿನಂತೆ ಓರೆ ಇದ್ದದ್ದನ್ನು ಮಣ್ಣಿಗೆ ಸಿಕ್ಕಿಸುತ್ತ ಹೋದರು. ಅವಳ ಜೊತೆ ಹದಿನೈದು ವರ್ಷ ದುಡಿದ ಲಾಲ್‌ಬೀ ಮಾತ್ರ ಒಂದು ಕಡ್ಡಿ ಹಿಡಿದು ತಿರುಗಿಸಿ ನೋಡಿದಳು. ದಾಳಿಂಬೆಯ ಮುಳ್ಳು ಯಾವಾಗಲೂ ತುದಿಯ ಕಡೆ ಮುಖ ಮಾಡಿರುತ್ತದೆ.

"ಕನಕಮ್ಮ, ಮುಳ್ಳು ಕೆಳಗ ಮಾರಿ ಮಾಡ್ಯಾವಲ್ಲಬೇ."

"ಸುಮ್ನ ಊರಬೇ."

ಲಾಲ್‌ಬೀ ಅವಳ ಮುಖ ನೋಡಿದಳು, ಸುಮ್ಮನೆ ಊರಿದಳು.

ಐವತ್ತು ದಿನವಾದರೂ ಕಡ್ಡಿ ಊರಿದ ಮಣ್ಣಿನ ಚೀಲಗಳಲ್ಲಿ ಹಸಿರು ಕಾಣಲಿಲ್ಲ. ಗುಂಡಿ ತೋಡಿಸಿಕೊಂಡು ಕಾದು ಕಾದು ಸಾಕಾದ ಗ್ಯಾನಪ್ಪ ಟ್ರ್ಯಾಕ್ಟರ್ ಹೊಡೆದುಕೊಂಡು ತಾನೇ ಬಂದ. ಪಂಪಾಪತಿ ಅವನನ್ನು ಚೀಲಗಳ ಸಾಲಿನ ಮುಂದೆ ನಿಲ್ಲಿಸಿ, ಎಲ್ಲ ಹೆಂಗಸರಿಗೂ ಕೇಳುವಂತೆ ಹೇಳಿದ:

"ಈಕಿ ಕೈ ಸತ್ತಾವು, ಗ್ಯಾನಪ್ಪ. ವಯಸ್ಸಾತು. ನೀ ಚಿಂತಿ ಮಾಡಬ್ಯಾಡ. ಅದ ತ್ವಾಟದ ಇನ್ನೊಂದು ಟ್ರ್ಯಾಕ್ಟರ್ ಹೇಳೀನಿ. ಬ್ಯಾರೇರ ಕೈಲೆ ಊರಸ್ತೀನಿ."

ಕೈ ಸತ್ತಿವೆ ಎಂಬ ಮಾತನ್ನು ಕನಕಮ್ಮ ಹೇಗೋ ನುಂಗಿದಳು. ಅದೇ ತೋಟ ಎಂಬುದು ಗಂಟಲಲ್ಲಿ ಇಳಿಯಲಿಲ್ಲ.

"ಅಣ್ಣ, ಒಂದು ಕಡ್ಡಿ ಕಿತ್ತು ನೋಡು."

ಗ್ಯಾನಪ್ಪ ಕಿತ್ತ. "ಓರೆ ಕೆಳಗ ಐತಿ. ಸರಿಯಾಗೇ ಊರ್ಯಾರಲ್ಲ."

"ಮುಳ್ಳು ನೋಡು, ಯಾವ ಕಡೆ ಮಾರಿ ಮಾಡ್ಯಾವು. ತುದಿ ಮಣ್ಣಾಗ ಐತಿ. ಬೇಕಂತ ನಾನ ಹಂಗ ಕೊಯ್ದೀನಿ. ಇವು ಚುಕ್ಕಿ ರೋಗದ ತ್ವಾಟದ ಕಡ್ಡಿ. ಬೇರು ಬಿಡಲಿಲ್ಲ ಅಂತ ನೀ ಉಳದಿ. ಬಿಟ್ಟಿದ್ರ ನಿನ್ನ ಹೊಲ, ಬಾಜೂನವರ ಹೊಲ ಎಲ್ಲಾ ಹೋಗ್ತಿದ್ವು."

ಪಂಪಾಪತಿಯ ಮುಖ ಕೆಂಪೇರಿತು. "ಹೊರಗ ನಡಿ. ಸಿಂಧನೂರು, ಲಿಂಗಸುಗೂರು, ಮಸ್ಕಿ, ಮೂರು ತಾಲೂಕಿನಾಗ ಯಾವ ನರ್ಸರಿಯಾಂವನೂ ನಿನ್ನ ಗೇಟಿನೊಳಗ ಬಿಡಬಾರದು, ಹಂಗ ಮಾಡ್ತೀನಿ."

ಕನಕಮ್ಮ ಅವನತ್ತ ತಿರುಗಿಯೂ ನೋಡಲಿಲ್ಲ. ಗ್ಯಾನಪ್ಪ ಈಗ ತನ್ನ ಪರ ಒಂದು ಮಾತಾಡುತ್ತಾನೆ ಎಂದು ಕಾದಳು. ಅವನು ಅವಳ ಮೇಲೆಯೇ ಹರಿಹಾಯ್ದ.

"ಐವತ್ತು ದಿನ ಬಾಯಾಗ ಏನು ಇಟಗೊಂಡಿದ್ದಿ? ಒಂದು ಫೋನ್ ಮಾಡಾಕ ಆಗಲಿಲ್ಲೇನು ನಿನಗ? ಹಚ್ಚೂ ಹಂಗಾಮು ಹೋತಲ್ಲ ನನ್ನದು."

ಪಂಪಾಪತಿಯ ಬೈಗುಳ ಚರ್ಮಕ್ಕೂ ತಾಕಿರಲಿಲ್ಲ. ಇದು ಕರುಳಿಗೆ ಹೋಯಿತು. ಐವತ್ತು ದಿನ ಅವಳು ಸಿಟ್ಟಿನಲ್ಲಿ ಬೆಂದದ್ದು ನಿಜ. ಬೆಂದದ್ದು ಮಾತ್ರ, ಬಾಯಿ ಬಿಟ್ಟಿರಲಿಲ್ಲ.

"ಕೂಲಿ ಹೋಗ್ತೈತಿ ಅಂತ ಅಂಜಿದ್ದೆ, ಅಣ್ಣ."

"ಈಗ ಹೋತಲ್ಲ."

"ಹೋತು."

ಗ್ಯಾನಪ್ಪ ಒಣ ಕಡ್ಡಿಯನ್ನು ಪಂಪಾಪತಿಯ ಕಾಲ ಬಳಿ ಎಸೆದು ಕನಕಮ್ಮನತ್ತ ತಿರುಗಿದ. "ಇನ್ನೂ ನಾಕು ಮಂದಿ ಇವನ ಕಡೆ ಬರೆಸ್ಯಾರ, ನಿನ್ನ ಹೆಸರಿನ ಮ್ಯಾಲ. ನಾ ಹೇಳಿದ್ರ ನಂಬಂಗಿಲ್ಲ, ನೀನ ಹೇಳಬೇಕು."

ಕನಕಮ್ಮ ಕತ್ತರಿಯನ್ನು ಲಾಲ್‌ಬೀಯ ಕೈಗೆ ಕೊಟ್ಟು, ಗ್ಯಾನಪ್ಪನ ಟ್ರ್ಯಾಕ್ಟರಿನ ಖಾಲಿ ಟ್ರ್ಯಾಲಿ ಹತ್ತಿ ಕೂತಳು.

"ಮೊದಲು ಯಾರ ಮನಿಗೆ ಹೋಗೂನು?" ಎಂದು ಕೇಳಿದಳು.