ಈಗಣ್ಣ ಹೊಕ್ಕ ಮನೆ

ಜಂಪರ ಹೊಲಿಯುವ ದೇವಿಕಾ ದೊಡ್ಡ ಹಲ್ಲಿಯಂಥ ಇಗ್ವಾನಾ ಸಾಕಲು ಹೊರಟಾಗ ನಮ್ಮ ಓಣಿಯವರೆಲ್ಲ ಒಂದೇ ಮಾತು ಆಡಿದರು: ಇರಲಾರದೆ ಇರುವೆ ಬಿಟ್ಟುಕೊಂಡಳು. ಆಡುವವರಿಗೇನು, ಅವರವರ ಮನೆಯಲ್ಲಿ ಜಗಳ ಮಾಡಲಿಕ್ಕಾದರೂ ಜನ ಇದ್ದರು. ಇವಳಿಗೆ ಅದೂ ಇರಲಿಲ್ಲ. ಗಂಡ ಮರಿಸ್ವಾಮಿ ದೋಣಿಮಲೈ ಗಣಿಯಲ್ಲಿ ಸ್ಟಾಫ್ ಬಸ್ ಓಡಿಸುತ್ತಿದ್ದವನು, ಎದೆನೋವು ಬಂದು ತೀರಿಕೊಂಡ. ಮಕ್ಕಳಿಲ್ಲ. ಕ್ವಾರ್ಟರ್ಸ್ ಬಿಟ್ಟು ಹೊಸಪೇಟೆಗೆ ಬಂದು, ನನ್ನ ಎದುರುಮನೆ ವಿರುಪಮ್ಮನ ಮಹಡಿಯನ್ನು ಬಾಡಿಗೆಗೆ ಹಿಡಿದಳು. ಹಗಲೆಲ್ಲ ಮಷೀನಿನ ಸದ್ದು ಕೇಳುತ್ತಿತ್ತು. ಅದು ನಿಂತರೆ ಆ ಮನೆಯಲ್ಲಿ ಬೇರೆ ಸದ್ದೇ ಇರುತ್ತಿರಲಿಲ್ಲ.

ಕುರೆಕುಪ್ಪದ ಕಡೆಯಿಂದ ಜಂಪರ ಹೊಲಿಸಲು ಬರುತ್ತಿದ್ದ ಇಂಜಿನಿಯರ್ ಹೆಂಡತಿಯೊಬ್ಬರು ಗಂಡನಿಗೆ ವರ್ಗವಾದಾಗ ತಾವು ಸಾಕಿದ್ದ ಆ ಪ್ರಾಣಿಯನ್ನು ಇವಳ ಕೈಗಿಟ್ಟು ಹೋದರು. ಬಾಲ ಸೇರಿ ಒಂದು ಮೊಳ ಉದ್ದ, ಹಸಿ ಮೆಣಸಿನಕಾಯಿ ಬಣ್ಣ. ಸೊಪ್ಪು ಬಿಟ್ಟು ಬೇರೇನೂ ಮುಟ್ಟುವುದಿಲ್ಲ, ಬೆಚ್ಚಗಿಟ್ಟರೆ ಸಾಕು ಎಂದರಂತೆ. ಇಗ್ವಾನಾ ಎನ್ನಲು ದೇವಿಕಾಳಿಗೆ ನಾಲಗೆ ಹೊರಳಲಿಲ್ಲ. ಈಗಣ್ಣ ಎಂದಳು. ಅದೇ ಹೆಸರಾಯಿತು.

ಸಂಸಾರ ಹೂಡಿದಂತೆಯೇ ಹೂಡಿದಳು. ಬಡಗಿಯಿಂದ ಆಳೆತ್ತರದ ಪಂಜರ ಮಾಡಿಸಿ, ಸುತ್ತ ಜಾಲರಿ ಹೊಡೆಸಿ, ಹತ್ತಿ ಕೂರಲು ಸೀಬೆ ಕೊಂಬೆ ಕಟ್ಟಿದಳು. ಬಸ್ ಸ್ಟ್ಯಾಂಡ್ ಹತ್ತಿರ ಬಣ್ಣದ ಮೀನು ಮಾರುವ ತಿಪ್ಪೇಶನ ಅಂಗಡಿಯಿಂದ ಬಿಸಿಲಿನಂಥ ಬೆಳಕು ಕೊಡುವ ದೀಪ ತಂದು ಮೇಲೆ ತೂಗು ಹಾಕಿದಳು. ಇಸ್ತ್ರಿಗೆ ನೀರು ಚಿಮುಕಿಸುವ ಬಾಟಲಿಯಿಂದಲೇ ದಿನಾ ಅದರ ಮೈಗೆ ಹನಿಸುತ್ತಿದ್ದಳು. ತನ್ನ ಬಟ್ಟೆ ಕತ್ತರಿಯಲ್ಲಿ ಯಾರಾದರೂ ಕಾಗದ ಕತ್ತರಿಸಿದರೆ ಮುಖ ಮೂರು ದಿನ ಗಂಟು ಹಾಕಿಕೊಳ್ಳುವ ಹೆಂಗಸು, ಅದೇ ಕತ್ತರಿಯಲ್ಲಿ ನುಗ್ಗೆ ಸೊಪ್ಪು, ದಾಸವಾಳದ ಎಲೆ ಸಣ್ಣಗೆ ಕತ್ತರಿಸಿ ಇಡುತ್ತಿದ್ದಳು.

ಮೊದಮೊದಲು ಅದು ಕೈ ಹಾಕಿದರೆ ಬಾಲದಿಂದ ಬಾರಿಸುತ್ತಿತ್ತು. ತಿಂಗಳು ಕಳೆದ ಮೇಲೆ ಒಂದು ಮಧ್ಯಾಹ್ನ ಅದಾಗಿಯೇ ಅವಳ ತೋಳು ಹತ್ತಿ ಹೆಗಲ ಮೇಲೆ ಕೂತು ಕಣ್ಣು ಮುಚ್ಚಿತು. ಅದಕ್ಕೆ ಬೇಕಾಗಿದ್ದು ಮೈಯ ಬಿಸಿ, ಪ್ರೀತಿಗೀತಿ ಅಲ್ಲ ಎಂದು ನಾನೇ ಹೇಳಿದೆ. ಬಿಸಿಗಾದರೂ ಬಂತಲ್ಲ ಎಂದಳು.

ಮಾಳಿಗೆಯ ಮೇಲೆ ಅದನ್ನು ಬಿಸಿಲಿಗೆ ಬಿಟ್ಟಿದ್ದಾಗ ಬಟ್ಟೆ ಒಣಹಾಕಲು ಬಂದ ವಿರುಪಮ್ಮ ನೋಡಿದಳು. ಉಡ, ಉಡ ಎಂದು ಕೂಗಿಕೊಂಡು ಇಳಿದಳು. ನಮ್ಮ ಕಡೆ ಉಡ ಹೊಕ್ಕ ಮನೆ ಹಾಳು ಎನ್ನುತ್ತಾರೆ. ಉಡ ಒಳಗೆ ಬಂದರೆ ಆರು ತಿಂಗಳು ಮನೆಗೆ ಬೀಗ ಹಾಕಿ ಹೋಗುವವರನ್ನು ನಾನೇ ಕಂಡಿದ್ದೇನೆ. ಯಾರೋ ಫೋನ್ ಮಾಡಿ ಫಾರೆಸ್ಟಿನವರೂ ಬಂದರು. ಉಡದ ನಾಲಗೆ ಹಾವಿನ ನಾಲಗೆಯ ಹಾಗೆ ಸೀಳಿರುತ್ತದೆ, ಇದರದ್ದು ಹಾಗಿಲ್ಲ, ಇದು ಹೊರದೇಶದ ಪ್ರಾಣಿ ಎಂದು ಹೇಳಿ ಹೋದರು. ಫಾರೆಸ್ಟಿನವರಿಗೆ ಉಡ ಅಲ್ಲದಿರಬಹುದು, ಶನಿದೇವರಿಗೆ ಅದೆಲ್ಲ ಗೊತ್ತಾಗುತ್ತದೆಯೇ ಎಂದಳು ವಿರುಪಮ್ಮ. ಆಮೇಲೆ ನನ್ನೊಬ್ಬಳ ಹೊರತು ಹೆಂಗಸರು ಮಹಡಿ ಹತ್ತುವುದನ್ನು ಬಿಟ್ಟರು. ಅಳತೆಗೆ ಒಂದು ಹಳೇ ಜಂಪರ ಇಟ್ಟು ಬಟ್ಟೆ ಚೀಲವನ್ನು ಮೆಟ್ಟಿಲ ಕಂಬಿಗೆ ಸಿಕ್ಕಿಸಿ ಹೋಗುತ್ತಿದ್ದರು. ದೇವಿಕಾ ಹೊಲಿದು ಅದೇ ಕಂಬಿಗೆ ಸಿಕ್ಕಿಸುತ್ತಿದ್ದಳು.

ಇದನ್ನೂ ಅವಳು ನುಂಗಿಕೊಂಡಳು. ಯಾಕೆಂದರೆ ಸ್ಫೂರ್ತಿ ಬರುವವಳಿದ್ದಳು. ಕಂಪ್ಲಿಯಲ್ಲಿರುವ ಮರಿಸ್ವಾಮಿಯ ಅಣ್ಣನ ಮಗಳು. ಹೊಸಪೇಟೆಯಲ್ಲಿ ನರ್ಸಿಂಗ್ ಸೀಟು ಸಿಕ್ಕಿತ್ತು, ಓದು ಮುಗಿಯುವವರೆಗೆ ಚಿಕ್ಕಮ್ಮನ ಮನೆಯಲ್ಲೇ ಇರುವುದೆಂದು ಮಾತಾಗಿತ್ತು. ದೇವಿಕಾ ಒಂದು ಕೋಣೆಗೆ ಸುಣ್ಣ ಹೊಡೆಸಿದಳು, ಮಂಚ ತಂದಳು, ಕನ್ನಡಿಗೆ ಮೊಳೆ ಬಡಿದಳು. ಹುಡುಗಿಗೆ ಶೇಂಗಾ ಚಟ್ನಿ ಸೇರುತ್ತದೋ ಇಲ್ಲವೋ ಎಂದು ನನ್ನನ್ನು ಕೇಳಿದಳು. ನನಗೇನು ಗೊತ್ತು? ಆದರೂ ಸೇರುತ್ತದೆ ಎಂದೆ.

ಕೋಣೆ ನೋಡಲೆಂದು ಹುಡುಗಿಯ ತಾಯಿ ಹಂಪಮ್ಮ ಅಕ್ಕಿ ಚೀಲದ ಸಮೇತ ಬಂದಳು. ವಿರುಪಮ್ಮನ ಬಾಯಿಗೆ ಬೀಗವೆಲ್ಲಿ? ಮೆಟ್ಟಿಲ ಬುಡದಲ್ಲೇ ಎಲ್ಲ ಹೇಳಿದಳು. ಹಂಪಮ್ಮ ಹೊಸ್ತಿಲು ದಾಟಲಿಲ್ಲ. ಮೊದಲು ಅದನ್ನು ಸಾಗಹಾಕು, ಆಮೇಲೆ ಮಗಳನ್ನು ಕಳಿಸುತ್ತೇನೆ ಎಂದು ಹೊರಗಿನಿಂದಲೇ ಹೇಳಿ, ಅಕ್ಕಿ ಚೀಲ ಎತ್ತಿಕೊಂಡು ಹಿಂದಿರುಗಿದಳು.

ದೇವಿಕಾ ಎರಡು ದಿನ ಮಷೀನು ಮುಟ್ಟಲಿಲ್ಲ. ಆಮೇಲೆ ಈಗಣ್ಣನನ್ನು ಬುಟ್ಟಿಯಲ್ಲಿಟ್ಟು, ಮೇಲೆ ಸೆರಗು ಹೊದಿಸಿ, ತಿಪ್ಪೇಶನ ಅಂಗಡಿಗೆ ಕೊಟ್ಟು ಬಂದಳು. ಮನೆಯೆಲ್ಲ ತೊಳೆದು ಗೋಮೂತ್ರ ಚಿಮುಕಿಸಿದಳು, ಪಂಜರ ಬಿಚ್ಚಿ ಮಾಳಿಗೆಗೆ ಹಾಕಿದಳು. ಅತ್ತಳೋ ಇಲ್ಲವೋ ತಿಳಿಯದು, ಕಣ್ಣಂತೂ ಕೆಂಪಾಗಿತ್ತು. ಹುಡುಗಿ ಬರುತ್ತಾಳಲ್ಲ ಎಂದು ನಾನು ಸಮಾಧಾನ ಹೇಳಿದೆ. ಹೌದು, ಬರುತ್ತಾಳೆ ಎಂದಳು.

ಕಾಲೇಜು ಶುರುವಾಗುವ ಮುಂಚಿನ ವಾರ ಹಂಪಮ್ಮನ ಫೋನು ಬಂತು. ನಾನು ದೇವಿಕಾಳ ಪಕ್ಕದಲ್ಲೇ ಜಂಪರಕ್ಕೆ ಗುಂಡಿ ಹಚ್ಚುತ್ತ ಕೂತಿದ್ದೆ. ಫೋನಿನ ಮಾತು ಹೊರಗೂ ಕೇಳುತ್ತಿತ್ತು.

"ಬ್ಯಾಸರ ಮಾಡ್ಕಾಬ್ಯಾಡ ತಂಗಿ. ಹಿರೇರನ್ನ ಕೇಳಿದ್ವಿ. ಹೊರಗ ಹಾಕಿದ್ರೂ ಹೊಕ್ಕಿದ್ದು ಹೊಕ್ಕಂಗ ಅಂತ. ಹುಡುಗಿನ್ನ ಹಾಸ್ಟೆಲಿಗೆ ಹಚ್ಚೀವಿ."

ದೇವಿಕಾ ಆಗಲಕ್ಕ ಎಂದು ಫೋನು ಇಟ್ಟಳು. ಚಪ್ಪಲಿ ಮೆಟ್ಟಿಕೊಂಡು ನೇರ ಅಂಗಡಿಗೆ ನಡೆದಳು. ಅವಳ ಅವಸರ ನೋಡಿ ನಾನೂ ಹಿಂದೆ ಹೋದೆ. ಈಗಣ್ಣ ಖಾಲಿ ಮೀನಿನ ತೊಟ್ಟಿಯೊಂದರಲ್ಲಿ ಬಾಲ ಮಡಚಿಕೊಂಡು ಬಿದ್ದಿತ್ತು. ಹಸಿರೆಲ್ಲ ಹೋಗಿ ಮೈ ಕಪ್ಪಿಟ್ಟಿತ್ತು. ಏನೂ ತಿನ್ನಲೊಲ್ಲದು ಎಂದ ತಿಪ್ಪೇಶ. ಅವಳು ಅದನ್ನು ಎತ್ತಿ ಹೆಗಲಿಗೇರಿಸಿಕೊಂಡಳು. ಈ ಸಲ ಬುಟ್ಟಿ ಇಲ್ಲ, ಸೆರಗಿನ ಮರೆ ಇಲ್ಲ, ನಡು ಬಜಾರಿನಲ್ಲೇ ನಡೆದುಕೊಂಡು ಬಂದಳು. ಜನ ನಿಂತು ನೋಡಿದರು.

ವಿರುಪಮ್ಮ ಮೆಟ್ಟಿಲಿಗೆ ಅಡ್ಡ ನಿಂತಿದ್ದಳು. ಉಡ ಹೊಕ್ಕ ಮನೆ ಬಿಡಬೇಕು, ಅದೂ ತಿಳಿಯದೇ ಎಂದಳು. ಅವಳದು ಕೋಪಕ್ಕಿಂತ ಹೆದರಿಕೆ. ದೇವಿಕಾ ದನಿ ಏರಿಸಲಿಲ್ಲ.

"ನನ್ನ ಮನಿ ಬಿಡೋರೆಲ್ಲ ಇದು ಬರಾಕ ಮೊದ್ಲ ಬಿಟ್ಟು ಹೋಗ್ಯಾರಕ್ಕ. ಹೊಕ್ಕಿದ್ದು ಇದೊಂದ."

ವಿರುಪಮ್ಮ ಗೋಡೆಗೆ ಸರಿದು ದಾರಿ ಬಿಟ್ಟಳು.