ಮುಚ್ಚಳ ತೆರೆದೇ ಇತ್ತು

ಸವದತ್ತಿಯ ಒಂದು ತರಬೇತಿ ಕೇಂದ್ರದಲ್ಲಿ ಕಂಪ್ಯೂಟರ್ ಕಲಿಸುವ ಪ್ರಜ್ಞಾ ಈ ಲೋಕದಲ್ಲಿ ನಂಬಿದ್ದು ಎರಡೇ ಮಾತನ್ನು: ಯಂತ್ರ ಸುಳ್ಳು ಹೇಳುವುದಿಲ್ಲ, ಭಾರ್ಗವ ಸುಳ್ಳು ಹೇಳುವುದಿಲ್ಲ. ಈ ಎರಡು ಕಂಬಗಳ ಮೇಲೆ ಅವಳ ಬಾಳಿನ ಚಪ್ಪರ ನಲವತ್ತೈದನೆಯ ವಯಸ್ಸಿನವರೆಗೂ ಅಲುಗಾಡದೆ ನಿಂತಿತ್ತು. ಆಮೇಲೆ ಒಂದೇ ವರ್ಷದಲ್ಲಿ ಎರಡಕ್ಕೂ ಗೆದ್ದಲು ಹಿಡಿದಿರುವುದು ಗೊತ್ತಾಯಿತು.

ಮೊದಲನೆಯ ನಂಬಿಕೆ ಅಪ್ಪನಿಂದ ಬಂದದ್ದು. ಜಟ್ಟೆಪ್ಪ, ಎಂ.ಕೆ. ಹುಬ್ಬಳ್ಳಿ ಎಂಬ ಊರಿನ ಸಕ್ಕರೆ ಕಾರ್ಖಾನೆಯಲ್ಲಿ ಫಿಟ್ಟರ್. ಗಾಣದ ಸದ್ದಿಗೆ ಕಿವಿಯೊಡ್ಡಿ ಯಾವ ಬೇರಿಂಗು ಯಾವ ದಿನ ಸಾಯುತ್ತದೆಂದು ಜಾತಕ ಹೇಳುತ್ತಿದ್ದ. ಮಗಳಿಗೂ ಆ ಕಿವಿ ಬಂತು. ಎರಡನೆಯ ನಂಬಿಕೆ ರಾಮದುರ್ಗದ ಕಾಲೇಜಿನಲ್ಲಿ ಸಿಕ್ಕಿತು. ಪೌರೋಹಿತ್ಯದ ಮನೆತನದ ಭಾರ್ಗವ ಮಂತ್ರ ಬಿಟ್ಟು ಬೆಸುಗೆ ಕಡ್ಡಿ ಹಿಡಿದಿದ್ದ. ಇಬ್ಬರೂ ಸೇರಿ ಯರಗಟ್ಟಿಯಲ್ಲಿ ಹನ್ನೊಂದು ವರ್ಷ ಕಂಪ್ಯೂಟರ್ ದುರಸ್ತಿಯ ಅಂಗಡಿ ನಡೆಸಿದರು. ತಂತಿ ಅವನದು, ಪ್ರೋಗ್ರಾಂ ಅವಳದು. ಕಂಪ್ಯೂಟರನ್ನು ನಡೆಸುವ ಲಿನಕ್ಸ್ ಎಂಬ ಉಚಿತ ತಂತ್ರಾಂಶದ ಹುಚ್ಚು ಹತ್ತಿದ್ದು ಅಲ್ಲಿಯೇ. ಲಿನಕ್ಸ್‌ನ ಒಳಗಿನ ಯಜಮಾನನಿಗೆ ಕರ್ನಲ್ ಎಂದು ಹೆಸರು. ಜಗತ್ತಿನ ಮೂಲೆಮೂಲೆಯ ಜನ ಅದನ್ನು ತಿದ್ದುತ್ತಾರೆ, ತಿದ್ದಿದವರ ಹೆಸರು ಅದರ ಇತಿಹಾಸದಲ್ಲಿ ಉಳಿಯುತ್ತದೆ. ಎಂದಾದರೊಂದು ದಿನ ನಮ್ಮಿಬ್ಬರ ಹೆಸರೂ ಅಲ್ಲಿ ಒಟ್ಟಿಗೆ ಬರಬೇಕೆಂದು ಬಸ್ಸಿನ ಧೂಳು ತಿನ್ನುತ್ತ ಇಬ್ಬರೂ ಮಾತಾಡಿಕೊಂಡಿದ್ದರು. ಮುಂದೆ ಅಂಗಡಿ ಮುಚ್ಚಿತು. ಪ್ರಜ್ಞಾ ಸವದತ್ತಿಗೆ ಬಂದಳು. ಭಾರ್ಗವ ಬೆಳಗಾವಿಯಲ್ಲಿ ಲ್ಯಾಪ್‌ಟಾಪ್ ತಯಾರಿಸುವ ಕಂಪನಿಯೊಂದರಲ್ಲಿ ಪರೀಕ್ಷಕನಾದ.

ಹಾಗಾಗಿ ಕೇಂದ್ರಕ್ಕೆ ಇಪ್ಪತ್ತು ಲ್ಯಾಪ್‌ಟಾಪ್ ಬೇಕಾದಾಗ ಪ್ರಜ್ಞಾ ಬೇರೆ ಕಡೆ ನೋಡಲೇ ಇಲ್ಲ. ಕಮಿಟಿಯ ಎದುರು ಎದ್ದು ನಿಂತು, ಈ ಯಂತ್ರಗಳಿಗೆ ನಾನೇ ಜವಾಬ್ದಾರಿ ಎಂದಳು. ಮುಂದಿನ ಫೆಬ್ರುವರಿಯಲ್ಲಿ ಸರ್ಕಾರಿ ಕಂಪ್ಯೂಟರ್ ಪರೀಕ್ಷೆ. ಪರೀಕ್ಷಾ ಮಂಡಳಿ ಕಳಿಸುವ ಲಿನಕ್ಸನ್ನೇ ಹಾಕಬೇಕು, ಅದರಲ್ಲಿ ಒಂದಕ್ಷರವನ್ನೂ ಮುಟ್ಟುವಂತಿಲ್ಲ. ಯಂತ್ರ ಕೈಕೊಟ್ಟರೆ ಪರೀಕ್ಷಾ ಕೇಂದ್ರ ಬೈಲಹೊಂಗಲಕ್ಕೆ ಹೋಗುತ್ತದೆ, ಪ್ರಜ್ಞಾಳ ಮಾತು ಮಣ್ಣಿಗೆ ಹೋಗುತ್ತದೆ.

ಜೂನ್‌ನಲ್ಲಿ ಇಪ್ಪತ್ತು ಮಹಾವೀರರ ಆಗಮನವಾಯಿತು. ಹೊಳೆಯುವ ಕವಚ, ತೆಳ್ಳಗಿನ ಸೊಂಟ. ಸಾಲಾಗಿ ಕೂರಿಸಿ ಗುಂಡಿ ಒತ್ತಿದರೆ ಎಲ್ಲರೂ ಕಣ್ಣು ತೆರೆದರು, ಒಂದು ಕ್ಷಣ ಲೋಕವನ್ನು ನೋಡಿದರು, ಶಂಖ ಊದುವ ಮೊದಲೇ ರಣರಂಗದಲ್ಲಿ ಸಾಲುಸಾಲಾಗಿ ಮಲಗಿದರು. ಎಬ್ಬಿಸಿದರೆ ಏಳುವರು, ಮತ್ತೆ ಮಲಗುವರು. ಕೇಂದ್ರದ ಮುಖ್ಯಸ್ಥ ಲಗಮಣ್ಣ ಬಾಗಿಲಲ್ಲಿ ನಿಂತು ಈ ದೃಶ್ಯವನ್ನು ಬಹಳ ಹೊತ್ತು ನೋಡಿ, "ಮೇಡಂ, ಇವು ಊಟ ಮಾಡಿ ಬಂದಾವೇನ್ರಿ?" ಎಂದು ಕೇಳಿದರು.

ಭಾರ್ಗವನಿಗೆ ಫೋನ್ ಹೋಯಿತು. ಅವನು ಎರಡು ದಿನ ಬಿಟ್ಟು ಉತ್ತರ ಕೊಟ್ಟ.

"ಪ್ರಜ್ಞಾ, ಆಣಿ ಮಾಡಿ ಹೇಳ್ತೇನಿ, ನಮ್ಮ ಮಷಿನ್‌ದಾಗ ಏನೂ ಖೋಡಿ ಇಲ್ಲ. ನಾನ ಟೆಸ್ಟ್ ಮಾಡೇನಿ. ನಿನ್ನ ಕಡೆನ ಏನರ ತಪ್ಪಾಗಿರಬೇಕು ನೋಡು."

ಅವನು ಹಾಗೆಂದ ಮೇಲೆ ಇನ್ನೇನು. ಎರಡು ತಿಂಗಳು ಅವಳು ತನ್ನ ತಪ್ಪನ್ನೇ ಹುಡುಕಿದಳು. ಕೋಣೆಯ ಧೂಳು ಹೊಡೆದಳು, ವೈರಿಂಗ್ ಬಿಚ್ಚಿಸಿದಳು. ಕೊನೆಗೆ, ಮೇಲಿನ ಫ್ಯಾನಿನ ಅಯಸ್ಕಾಂತದ ದೋಷವಿರಬಹುದೇ ಎಂದು ಫ್ಯಾನು ಆರಿಸಿ ಇಡೀ ತರಗತಿಯನ್ನು ಬೆವರಿಸಿದಳು. ಮಹಾವೀರರು ತಂಪಾಗಿ ಮಲಗಿಯೇ ಇದ್ದರು.

ಆಗಸ್ಟಿನಲ್ಲಿ ಕರ್ನಲ್‌ನ ದಿನಚರಿಯನ್ನು ಸಾಲುಸಾಲಾಗಿ ಓದುವಾಗ ಕಳ್ಳ ಸಿಕ್ಕ. ಲ್ಯಾಪ್‌ಟಾಪಿನ ಹೊಟ್ಟೆಯಲ್ಲಿ ತಯಾರಕರೇ ಕೂರಿಸಿದ ಫರ್ಮ್‌ವೇರ್ ಎಂಬ ಸಣ್ಣ ಪ್ರೋಗ್ರಾಂ ಇರುತ್ತದೆ. ಯಂತ್ರ ಎದ್ದ ಕೂಡಲೇ ಕರ್ನಲ್‌ನ ದೂತನಂಥ ಡ್ರೈವರ್ ಅದನ್ನು ವಿಚಾರಿಸುತ್ತದೆ: ಮುಚ್ಚಳ ತೆರೆದಿದೆಯೋ, ಮುಚ್ಚಿದೆಯೋ? ಈ ಫರ್ಮ್‌ವೇರು ಹಾಡುಹಗಲಲ್ಲಿ, ತೆರೆದ ಮುಚ್ಚಳದಡಿ ಕೂತು, ಮುಚ್ಚಿದೆ ಎನ್ನುತ್ತಿತ್ತು. ಪಾಪ, ಕರ್ನಲ್ ನಂಬುತ್ತಿತ್ತು. ಮುಚ್ಚಿದ್ದರೆ ಮಲಗೋಣ ಎಂದು ಮಲಗುತ್ತಿತ್ತು.

ಯಂತ್ರ ಸುಳ್ಳು ಹೇಳುತ್ತದೆ. ಪ್ರಜ್ಞಾ ಅಂದು ಮನೆಗೆ ಹೋಗಿ ಊಟ ಬೇಡವೆಂದಳು. ಅಪ್ಪ ಇದ್ದಿದ್ದರೆ ಯಾವ ಮುಖದಲ್ಲಿ ಹೇಳುತ್ತಿದ್ದಳು? ತಾಯಿ ಕೃಷ್ಣವ್ವ ವಿಷಯ ಕೇಳಿಸಿಕೊಂಡು, ರೊಟ್ಟಿ ತಟ್ಟುವ ಕೈ ನಿಲ್ಲಿಸದೆ ತೀರ್ಪು ಕೊಟ್ಟಳು.

"ನಮ್ಮ ಓಣ್ಯಾಗಿನ ಶಟ್ಟೆಪ್ಪ ಇಲ್ಲೇನು, ಒಳಗ ಕುಂತಗೊಂಡು ನಾ ಮನ್ಯಾಗಿಲ್ಲ ಅಂತ ಒದರತಾನ. ಅವನ್ನ ಯಾಕ ಕೇಳತಿ? ಅದಾನ ಅಂತ ತಿಳಕೊಂಡ ಹೋಗು. ಎದ್ದ ಹೊಂಟಾಗ ಬಾಗಲಾ ಸಪ್ಪಳ ಆಗತೈತಿ, ಅದನ್ನ ನಂಬು."

ಪ್ರಜ್ಞಾ ತಾಯಿಯನ್ನು ದಿಟ್ಟಿಸಿ ನೋಡಿದಳು. ಇದೇ ಮದ್ದು. ಶುರುವಿನಲ್ಲಿ ಫರ್ಮ್‌ವೇರನ್ನು ಕೇಳಲೇಬಾರದು. ತೆರೆದಿದೆ ಎಂದೇ ಇಟ್ಟುಕೊಂಡು, ಮುಂದೆ ಮುಚ್ಚಳ ನಿಜವಾಗಿ ಅಲುಗಿದ ಸುದ್ದಿಯನ್ನಷ್ಟೇ ನಂಬಬೇಕು. ಇಂಥ ಸುಳ್ಳುಬುರುಕ ಯಂತ್ರಗಳ ಹೆಸರಿನ ಒಂದು ಪಟ್ಟಿಯೇ ಡ್ರೈವರಿನೊಳಗಿದೆ. ಅವಳ ಭಾಷೆಯಲ್ಲಿ ಅದು ಖೋಡಿ ಪಟ್ಟಿ. ತನ್ನ ಯಂತ್ರದ ಹೆಸರನ್ನೂ ಅದರಲ್ಲಿ ಬರೆದರೆ ಆಯಿತು. ಅಧಿಕೃತ ಕರ್ನಲ್‌ಗೆ ಸೇರಿದರೆ ಮಂಡಳಿಯ ಲಿನಕ್ಸಿಗೂ ಬರುತ್ತದೆ.

ತಿದ್ದುಪಡಿ ಬರೆದು, ಪರೀಕ್ಷಿಸಿ ನೋಡೆಂದು ಭಾರ್ಗವನಿಗೂ ಕಳಿಸಿದಳು. ಭೇಷ್, ನಡೀತದ ಎಂದು ಉತ್ತರ ಬಂತು. ತಿದ್ದುಪಡಿಯ ಕೆಳಗೆ ಪದ್ಧತಿಯಂತೆ ಬರೆದಳು: ಪರೀಕ್ಷಿಸಿದವರು, ಭಾರ್ಗವ. ಇಬ್ಬರ ಹೆಸರೂ ಒಂದೇ ಪುಟದಲ್ಲಿ. ಅದನ್ನೇ ಮೂರು ಸಲ ಓದಿ, ಕರ್ನಲ್ ನೋಡಿಕೊಳ್ಳುವವರಿಗೆ ಕಳಿಸಿದಳು.

ಮೂರನೆಯ ದಿನ ತಿದ್ದುಪಡಿ ವಾಪಸ್ ಬಂತು. ಡ್ರೈವರ್ ನೋಡಿಕೊಳ್ಳುವ ದೂರದೇಶದ ಪುಣ್ಯಾತ್ಮ ತಕರಾರು ಎತ್ತಿದ್ದ. ಯಂತ್ರ ತನ್ನ ಹೆಸರು ಹೇಳಬೇಕಾದ ಜಾಗದಲ್ಲಿ "ತಯಾರಕರು ತುಂಬತಕ್ಕದ್ದು" ಎಂದಿತ್ತು. ಕಂಪನಿ ಹೆಸರಿಡುವುದನ್ನೇ ಮರೆತಿತ್ತು. ಈ ಹೆಸರನ್ನು ಖೋಡಿ ಪಟ್ಟಿಗೆ ಸೇರಿಸಿದರೆ ಜಗತ್ತಿನ ಅನಾಮಿಕ ಲ್ಯಾಪ್‌ಟಾಪುಗಳೆಲ್ಲ ಕಳ್ಳರ ಸಾಲಿಗೆ ಬರುತ್ತವೆ, ಬೇರೆ ಗುರುತು ಹುಡುಕಿ ಎಂದಿದ್ದ. ಮಾತು ನ್ಯಾಯವಾಗಿತ್ತು.

ಗುರುತು ಹುಡುಕುತ್ತ ಪ್ರಜ್ಞಾ ಕಂಪನಿಯ ಜಾಲತಾಣಕ್ಕೆ ಹೋದಳು. ಅದೇ ಮಾದರಿಯ ಲ್ಯಾಪ್‌ಟಾಪಿಗೆಂದು, ವಿಂಡೋಸ್ ಬಳಸುವವರಿಗಾಗಿ ಕಂಪನಿ ತಾನೇ ಬರೆದ ಡ್ರೈವರ್ ಅಲ್ಲಿತ್ತು. ಜೊತೆಗೆ, ಯಾರೋ ತೆಗೆಯಲು ಮರೆತಿದ್ದ ಕಂಪನಿಯ ಒಳಗಿನ ಟಿಪ್ಪಣಿಯೊಂದು. ಫರ್ಮ್‌ವೇರ್ ಆವೃತ್ತಿಯ ಸಂಖ್ಯೆ ಅದರಲ್ಲಿ ಸಿಕ್ಕಿತು, ಅದೇ ಬೇಕಾಗಿದ್ದ ಗುರುತು. ಕೆಳಗೆ ಎರಡು ಸಾಲು ಹೆಚ್ಚಿಗೆ ಇದ್ದವು. ಆರಂಭದಲ್ಲಿ ಮುಚ್ಚಳ ಮುಚ್ಚಿದೆಯೆಂದು ತಪ್ಪಾಗಿ ಹೇಳುವ ದೋಷವನ್ನು ಈ ಡ್ರೈವರ್ ಸರಿದೂಗಿಸುತ್ತದೆ. ದೋಷ ಕಂಡುಹಿಡಿದವರು: ಭಾರ್ಗವ. ತಾರೀಖು ಅದೇ ವರ್ಷದ ಫೆಬ್ರುವರಿಯದು. ಅವನು ಆಣೆ ಮಾಡಿದ್ದು ಜೂನ್‌ನಲ್ಲಿ.

ಯಂತ್ರಕ್ಕಾದರೂ ತನ್ನ ಸುಳ್ಳು ಗೊತ್ತಿರಲಿಲ್ಲ.

ಆ ಭಾನುವಾರ ಯರಗಟ್ಟಿಯ ಬಸ್ ಸ್ಟ್ಯಾಂಡಿನ ಚಹಾದಂಗಡಿಗೆ ಅವನನ್ನು ಕರೆಸಿದಳು. ಅವಳು ಮುಂದಿಟ್ಟ ಟಿಪ್ಪಣಿಯನ್ನು ಅವನು ಓದುವ ಗೋಜಿಗೆ ಹೋಗಲಿಲ್ಲ, ತಲೆ ತಗ್ಗಿಸಿದ. ಮಾರಾಟದ ಸಮಯ, ಹೊರಗಿನವರಿಗೆ ಹೇಳಬಾರದೆಂದು ಮೇಲಿನವರ ಹುಕುಮ್ ಇತ್ತು ಎಂದ.

"ನಾ ಹೊರಗಿನಕಿ ಆದೆ?" ಎಂದಳು ಪ್ರಜ್ಞಾ.

"ಹಂಗಲ್ಲ..."

"ಹಂಗ ಭಾರ್ಗವ. ಎರಡ ತಿಂಗಳ ನಾ ಫ್ಯಾನ್ ಬಂದ್ ಮಾಡಿ ಹುಡುಗರನ್ನ ಬೇಯಿಸೇನಿ. ನೀ ಒಂದ ಮಾತ ಹೇಳಿದ್ರ ಸಾಕಿತ್ತು."

ಅವನು ಮೆಲ್ಲಗೆ ತನ್ನ ಅಹವಾಲು ಇಟ್ಟ. ತಿದ್ದುಪಡಿಯಲ್ಲಿ ಆ ಟಿಪ್ಪಣಿಯ ಕೊಂಡಿ ಹಾಕಬೇಡ, ನೌಕರಿಗೆ ಸಂಚಕಾರ. ಆದರೆ ಪರೀಕ್ಷಿಸಿದವರ ಜಾಗದಲ್ಲಿ ನನ್ನ ಹೆಸರಿರಲಿ, ನಾವಿಬ್ಬರೂ ಆಸೆಪಟ್ಟದ್ದಲ್ಲವೇ. ಪ್ರಜ್ಞಾಳಿಗೆ ಒಂದು ಕ್ಷಣ ನಗು ಬಂತು. ಕದ್ದ ಮನೆಯಲ್ಲೇ ಸನ್ಮಾನದ ಶಾಲು ಕೇಳುವ ಧೈರ್ಯ ಎಲ್ಲರಿಗೂ ಬರುವುದಿಲ್ಲ. ಚಹಾ ಮುಗಿಸಿ ಬಸ್ ಹತ್ತಿದಳು.

ಎರಡನೆಯ ಸಲ ತಿದ್ದುಪಡಿ ಕಳಿಸುವಾಗ ಆವೃತ್ತಿಯ ಸಂಖ್ಯೆ ಹಾಕಿದಳು. ಅದಕ್ಕೆ ಟಿಪ್ಪಣಿಯ ಪುರಾವೆಯೇನೂ ಬೇಕಿರಲಿಲ್ಲ, ತನ್ನ ಇಪ್ಪತ್ತು ಯಂತ್ರಗಳನ್ನು ಕೇಳಿದರೆ ಅವೇ ಹೇಳುತ್ತಿದ್ದವು. ಕೊಂಡಿ ಹಾಕಲಿಲ್ಲ. ಅಷ್ಟು ಮಾಡಿದಳು. ಪರೀಕ್ಷಿಸಿದವರ ಸಾಲನ್ನು ಮಾತ್ರ ಅಳಿಸಿದಳು.

ಪುಣ್ಯಾತ್ಮನ ಕಣ್ಣು ಚುರುಕು. ಮರುದಿನವೇ ಪ್ರಶ್ನೆ ಬಂತು: ಎಲ್ಲ ಸರಿಯಿದೆ, ಆದರೆ ಕಳೆದ ಸಲ ಇದ್ದ ಪರೀಕ್ಷಕರ ಹೆಸರು ಈ ಸಲ ಯಾಕಿಲ್ಲ? ಅವರಿಗೇನಾದರೂ ಹೊಸ ದೋಷ ಕಂಡಿತೆ?

ಪ್ರಜ್ಞಾ ಉತ್ತರವನ್ನು ಬರೆದಳು, ಅಳಿಸಿದಳು. ಮಧ್ಯಾಹ್ನದ ತರಗತಿ ಮುಗಿಸಿ ಬಂದು ಮತ್ತೆ ಬರೆದಳು, ಅಳಿಸಿದಳು. ಹನ್ನೊಂದು ವರ್ಷದ ಅಂಗಡಿಯನ್ನು ಆ ಪೆಟ್ಟಿಗೆಯಲ್ಲಿ ಹಿಡಿಸುವುದು ಹೇಗೆ? ಕೊನೆಗೆ ಒಂದೇ ಸಾಲು ಹೋಯಿತು: "ಇಲ್ಲ. ಅವರಿಗೆ ಮೊದಲೇ ಗೊತ್ತಿತ್ತು."

ದೂರದೇಶದವನು ಅದರ ಅರ್ಥವೇನೆಂದು ಕೇಳಲಿಲ್ಲ. "ತಿದ್ದುಪಡಿ ಸೇರಿಸಿದೆ, ಧನ್ಯವಾದ" ಎಂದು ಬರೆದ.